ಹೊಲಕ್ಕೆ ಔಷಧಿ ಹೊಡೆಯುವ ವಿಮಾನ, ಎಂಜಿನ್ ಸರಿಯಿದ್ದರೂ ಟೇಕಾಫ್‌ನಲ್ಲೇ ಬೀಳುವುದೇಕೆ?

ಆಳೆತ್ತರ ಎದ್ದ ವಿಮಾನ ಮುಂದಕ್ಕೇ ಹೋಗಿ ಬೇಲಿಗೆ ಸಿಕ್ಕಿ ಬಿದ್ದ ವಿಡಿಯೊ ನೋಡಿ ಕೇಳಿದ್ದೀರಿ. ನನ್ನೂರು ಮಂಡ್ಯದ ಹತ್ತಿರ, ವಿಮಾನ ಹಾರಿಸಲು ಕಲಿತದ್ದು ಮೈಸೂರಿನ ಮಂಡಕಳ್ಳಿಯಲ್ಲಿ. ಔಷಧಿ ವಿಮಾನ ಓಡಿಸಿಲ್ಲ, ಆದರೆ ಗಾಳಿಯ ಲೆಕ್ಕ ಎಲ್ಲ ವಿಮಾನಕ್ಕೂ ಒಂದೇ.

ಎಂಜಿನ್ ಅಬ್ಬರಿಸಿದ ಮಾತ್ರಕ್ಕೆ ಕೆಲಸ ಆಗುತ್ತಿದೆ ಎಂದಲ್ಲ. ಕೆಸರಲ್ಲಿ ಹೂತ ಕಬ್ಬಿನ ಟ್ರ್ಯಾಕ್ಟರ್ ನೋಡಿದವರಿಗೆ ಇದು ಗೊತ್ತು. ಏರ್ ಟ್ರ್ಯಾಕ್ಟರ್ 802 ಎಂಬ ವಿಮಾನದ ಟ್ಯಾಂಕಿಗೆ ಸುಮಾರು 3,000 ಲೀಟರ್ ಹಿಡಿಯುತ್ತದೆ. ಅಂದರೆ ವಿಮಾನದ ಖಾಲಿ ತೂಕಕ್ಕೆ ಹತ್ತಿರ ಹತ್ತಿರ ಅಷ್ಟೇ ಭಾರ! ಅದನ್ನು ಹೊತ್ತು ಏಳಬೇಕಾದ್ದು ಬಹಳ ಕಡೆ ಹೊಲದ ಪಕ್ಕದ ಮಣ್ಣಿನ ಪಟ್ಟಿಯಿಂದ. ಮಣ್ಣು ಮೆತ್ತಗಿದ್ದರೆ, ಗಾಳಿ ಹಿಂದಿನಿಂದ ಬೀಸಿದರೆ ಓಟ ಇನ್ನೂ ಉದ್ದವಾಗುತ್ತದೆ.

ಮೇಲೆ ಬಿಸಿಲು ಬೇರೆ. ಮಂಡಕಳ್ಳಿ ಇರುವುದು ಸಮುದ್ರಮಟ್ಟದಿಂದ ಸುಮಾರು 730 ಮೀಟರ್ ಎತ್ತರದಲ್ಲಿ. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಮುಟ್ಟಿದರೆ ಅಲ್ಲಿನ ಗಾಳಿ 1,600 ಮೀಟರ್ ಎತ್ತರದ ಗಾಳಿಯಷ್ಟು ತೆಳುವಾಗುತ್ತದೆ, ಕೆಮ್ಮಣ್ಣುಗುಂಡಿಗಿಂತ ಮೇಲೆ ನಿಂತ ಹಾಗೆ. ರೆಕ್ಕೆಗೂ ಪ್ರೊಪೆಲ್ಲರ್‌ಗೂ ಹಿಡಿತ ಕಡಿಮೆ.

ಮೋಸ ಮಾಡುವುದು ಆ ಆಳೆತ್ತರವೇ. ನೆಲಕ್ಕೆ ಹತ್ತಿರವಿರುವಾಗ ಗಾಳಿ ರೆಕ್ಕೆಯನ್ನು ಹಿಂದಕ್ಕೆ ಎಳೆಯುವ ಬಲ ತಗ್ಗಿ, ಕಡಿಮೆ ವೇಗದಲ್ಲೂ ವಿಮಾನ ಎದ್ದುಬಿಡುತ್ತದೆ. ಇದಕ್ಕೆ ಗ್ರೌಂಡ್ ಎಫೆಕ್ಟ್ ಅನ್ನುತ್ತಾರೆ. ಒಂದು ರೆಕ್ಕೆಯ ತುದಿಯಿಂದ ಇನ್ನೊಂದರ ತುದಿಗಿರುವ ಉದ್ದದಷ್ಟು ಮೇಲೇರುವುದರೊಳಗೆ ಆ ಆಸರೆ ತಪ್ಪಿಹೋಗುತ್ತದೆ. ಎದುರಿಗೆ ಬೇಲಿ ಕಂಡು ಪೈಲಟ್ ಮೂತಿ ಇನ್ನಷ್ಟು ಎತ್ತಿದರೆ ವೇಗ ಬಿದ್ದು, ವಿಮಾನವೂ ಕುಸಿಯುತ್ತದೆ.

ಇದಕ್ಕೆಂದೇ ಕಾಕ್‌ಪಿಟ್‌ನಲ್ಲಿ ಒಂದು ಹಿಡಿ ಇರುತ್ತದೆ. ಎಳೆದರೆ ಟ್ಯಾಂಕಿನ ಬಾಗಿಲು ತೆರೆದು ಕೆಲವೇ ಸೆಕೆಂಡಿನಲ್ಲಿ ಭಾರ ಇಳಿಯುತ್ತದೆ. ತಕ್ಷಣ ಮೂತಿ ತಾನಾಗಿ ಮೇಲೇಳುವುದರಿಂದ ವಿಮಾನ ನಿಯಂತ್ರಿಸುವ ಕೋಲನ್ನು ಮುಂದಕ್ಕೆ ಒತ್ತಿ ಹಿಡಿಯಬೇಕು. ಕಷ್ಟವಿರುವುದು ನಿರ್ಧಾರದಲ್ಲಿ. ದುಬಾರಿ ಔಷಧಿ ಸುರಿಯಲು ಕೈ ಹಿಂಜರಿದರೆ ಪಟ್ಟಿಯೇ ಮುಗಿದಿರುತ್ತದೆ. ಅದಕ್ಕೇ ಇಲ್ಲಿಗೆ ಬಂದರೂ ಏಳದಿದ್ದರೆ ಸುರಿಯಬೇಕು ಎಂಬ ಗುರುತನ್ನು ಓಟ ಶುರುವಾಗುವ ಮೊದಲೇ ಇಟ್ಟುಕೊಳ್ಳುವುದು ಒಳ್ಳೆಯದು.

ವಿಡಿಯೊದಲ್ಲಿ ವಿಮಾನ ಅಷ್ಟು ಜಜ್ಜಿಹೋದರೂ ಪೈಲಟ್ ನಡೆದು ಬಂದರಲ್ಲ, ಅದು ಬರೀ ಅದೃಷ್ಟವಲ್ಲ. ಔಷಧಿ ವಿಮಾನಗಳಲ್ಲಿ ಎಂಜಿನ್ ಮುಂದೆ, ಟ್ಯಾಂಕ್ ನಡುವೆ, ಆಸನ ಹಿಂದೆ ಎತ್ತರದಲ್ಲಿ. ಪೆಟ್ಟು ಮೊದಲು ಮುಂಭಾಗಕ್ಕೇ ಬೀಳುತ್ತದೆ, ಭಾರ ಪೈಲಟ್‌ನ ಬೆನ್ನಿಗೆ ನುಗ್ಗುವುದಿಲ್ಲ. ಬೆಂಗಳೂರಿನ ಎಚ್‌ಎಎಲ್ 1970ರ ದಶಕದಲ್ಲಿ ಕಟ್ಟಿದ ಬಸಂತ್ ಎಂಬ ಔಷಧಿ ವಿಮಾನದ್ದೂ ಇದೇ ಜೋಡಣೆ.

ಸಾಧ್ಯವಾದರೆ ವಿಡಿಯೊ ಇನ್ನೊಮ್ಮೆ ನಿಧಾನಕ್ಕೆ ಓಡಿಸಿ, ಬೇಲಿಗೆ ಮುಂಚೆ ಹೊಟ್ಟೆಯ ಕೆಳಗಿನಿಂದ ಔಷಧಿ ಸುರಿಯಿತೇ ನೋಡಿ.