ಹೊರಟ್ಟಿಯವರಿಗೆ ನೀವು ಯಾಕೆ ವೋಟು ಹಾಕಿಲ್ಲ?
"ಬಸವರಾಜ ಹೊರಟ್ಟಿ ಎಂಟು ಸಲ ಗೆದ್ದಿದ್ದಾರಂತೆ. ನಾನು ಹುಬ್ಬಳ್ಳಿಯವನೇ, ಒಂದು ಸಲವೂ ಅವರಿಗೆ ವೋಟು ಹಾಕಿಲ್ಲವಲ್ಲ?" ಅಂತ ಕೇಳಿದ್ದೀರಿ. ನಿಮ್ಮ ಹೆಸರು ಆ ಮತದಾರರ ಪಟ್ಟಿಯಲ್ಲೇ ಇರುವುದಿಲ್ಲ ಸರ್! ಅವರು ವಿಧಾನಸಭೆಯವರಲ್ಲ, ವಿಧಾನ ಪರಿಷತ್ತಿನವರು. ಗೆಲ್ಲುವುದು ಪಶ್ಚಿಮ ಶಿಕ್ಷಕರ ಕ್ಷೇತ್ರದಿಂದ. ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ ಸೇರಿ ಒಂದೇ ಕ್ಷೇತ್ರ. ಹೈಸ್ಕೂಲು ಅಥವಾ ಅದಕ್ಕೂ ಮೇಲೆ, ಹಿಂದಿನ ಆರು ವರ್ಷಗಳಲ್ಲಿ ಕನಿಷ್ಠ ಮೂರು ವರ್ಷ ಪಾಠ ಮಾಡಿದವರಿಗಷ್ಟೇ ಮತ.

ಇಲ್ಲಿ ಇವಿಎಂ ಬಟನ್ ಇಲ್ಲ. ಕಾಗದದ ಮತಪತ್ರ, ಅಲ್ಲೇ ಕೊಡುವ ನೇರಳೆ ಬಣ್ಣದ ಪೆನ್ನು. ಅಭ್ಯರ್ಥಿಗಳ ಹೆಸರಿನ ಮುಂದೆ ನಿಮ್ಮ ಇಷ್ಟದ ಕ್ರಮದಲ್ಲಿ 1, 2, 3 ಅಂತ ಬರೆಯಬೇಕು. ಟಿಕ್ ಹಾಕಿದರೆ ಮತ ಕುಲಗೆಟ್ಟಂತೆ. ಮೇಷ್ಟ್ರುಗಳೇ ಈ ತಪ್ಪು ಮಾಡುತ್ತಾರೆ, ನಗಬೇಡಿ!

ಹೊರಟ್ಟಿ ಮೊದಲು ದೈಹಿಕ ಶಿಕ್ಷಕರು. 1980ರಲ್ಲಿ ಪರಿಷತ್ತಿಗೆ ಬಂದವರು ಆಮೇಲೆ ಸೋತಿದ್ದೇ ಇಲ್ಲ. ಶಿಕ್ಷಣ ಸಚಿವರಾದರು, ಸಭಾಪತಿಯಾದರು. 2022ರಲ್ಲಿ ಜೆಡಿಎಸ್ ಬಿಟ್ಟು ಬಿಜೆಪಿಯಿಂದ ನಿಂತರೂ ಗೆದ್ದರು. ಅಲ್ಲಿ ಪಕ್ಷಕ್ಕಿಂತ ಪರಿಚಯವೇ ಜಾಸ್ತಿ ಕೆಲಸ ಮಾಡಿದೆ ಅಂತ ನನಗನ್ನಿಸುತ್ತದೆ. ಅವಧಿ ಆರು ವರ್ಷದ್ದು, ಹಾಗಾಗಿ ಎಂಟು ಗೆಲುವು ಅಂದರೆ ಸುಮ್ನೆ ಮಾತಲ್ಲ.