ಒಂಬತ್ತನೇ ತರಗತಿ ಮಕ್ಕಳಿಗೆ ಪರಮಾಣು, ಎಲೆಕ್ಟ್ರಾನ್ ಕವಚಗಳ ಚಿತ್ರ ಚೆನ್ನಾಗಿ ಬರೆಯುವುದು ಹೇಗೆ?

ನೀವು ಎರಡು ವಿಷಯ ಕೇಳಿದ್ದೀರಿ. ಯಾವ ಸಾಫ್ಟ್‌ವೇರ್ ಬಳಸಬೇಕು ಅನ್ನೋದು ಒಂದು. ನೆಟ್‌ನಲ್ಲಿ ಸಿಗುವ ಬಣ್ಣಬಣ್ಣದ ಚಿತ್ರ ತೋರಿಸಿದರೆ ಸಾಲದೇ ಅನ್ನೋದು ಇನ್ನೊಂದು. ನಾನು ಬಂಗಾರಪೇಟೆ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಸಾಫ್ಟ್‌ವೇರ್ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ನಾನು ಮಾಡಿಕೊಂಡ ಎಡವಟ್ಟು ಕೇಳಿ.

ಕೆಲವು ವರ್ಷದ ಹಿಂದೆ ಮೊದಲ 20 ಧಾತುಗಳ ಚಾರ್ಟ್ ಮಾಡಿ ಫ್ಲೆಕ್ಸ್ ಹಾಕಿಸಿದೆ. ಆರು ಅಡಿ ಅಗಲ, ನೋಡೋಕೆ ಜೋರಾಗಿಯೇ ಇತ್ತು. ಲ್ಯಾಬ್ ಗೋಡೆಗೆ ಕಟ್ಟಿದ ದಿನವೇ ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು, "ಸಾರ್, ಸೋಡಿಯಂಗೆ ಹತ್ತೇ ಇದೆ" ಅಂದಳು. ಹನ್ನೊಂದು ಎಲೆಕ್ಟ್ರಾನ್ ಇರಬೇಕಿತ್ತು. ಎಣಿಸಿದೆ. ಒಳಗೆ ಎರಡು, ನಡುವೆ ಎಂಟರ ಬದಲು ಏಳು, ಹೊರಗೆ ಒಂದು. ಎಂಟನೆಯದು ಎಲ್ಲಿ ಹೋಯಿತು ಅಂತ ನೋಡಿದರೆ, ಕವಚದ ಹೆಸರು 'ಎಲ್' ಅಂತ ಬರೆದಿದ್ದೆನಲ್ಲ (ಒಳಗಿನಿಂದ ಹೊರಕ್ಕೆ ಕವಚಗಳನ್ನು ಕೆ, ಎಲ್, ಎಂ, ಎನ್ ಅಂತೀವಿ), ಅದರ ಕೆಳಗೆ! ಅಕ್ಷರ ಸರಿಯಾಗಿ ಕಾಣಲಿ ಅಂತ ಹಿಂದೆ ಬಿಳಿ ಚೌಕ ಇಟ್ಟಿದ್ದೆ. ಅದು ಒಂದು ಎಲೆಕ್ಟ್ರಾನನ್ನು ನುಂಗಿಕೊಂಡಿತ್ತು. ಒಂದು ಚಿತ್ರವನ್ನೇ ಕಾಪಿ ಮಾಡುತ್ತಾ ಹೋಗಿದ್ದರಿಂದ ನಿಯಾನ್‌ನಿಂದ ಕ್ಯಾಲ್ಸಿಯಂವರೆಗೆ ಹನ್ನೊಂದು ಚಿತ್ರದಲ್ಲೂ ಅದೇ ಕಥೆ. ಮಾರ್ಕರ್ ಪೆನ್ನಿನಲ್ಲಿ ಚುಕ್ಕಿ ಇಟ್ಟು ಸರಿ ಮಾಡಿದೆ. ಆ ಚುಕ್ಕಿಗಳು ಈಗಲೂ ಬೇರೆಯಾಗಿಯೇ ಕಾಣುತ್ತವೆ.

ಅಂದಿನಿಂದ ಚಿತ್ರ ಚೆಂದ ಇದೆಯಾ ಅಂತ ನಾನು ಆಮೇಲೆ ನೋಡುತ್ತೇನೆ, ಮೊದಲು ಎಣಿಸುತ್ತೇನೆ. ಇದು ಅಂಗಡಿ ಲೆಕ್ಕದ ಚೀಟಿ ಇದ್ದ ಹಾಗೆ. ಯಾವ ಕವಚದಲ್ಲಿ ಎಷ್ಟು ಅನ್ನೋದು ಕೊನೇ ಬೆಂಚಿನವನಿಗೂ ತಪ್ಪಿಲ್ಲದೆ ಸಿಗಬೇಕು. ನೆಟ್‌ನಲ್ಲಿ ಸಿಗುವ, ಹೊಳೆಯುವ ಗೋಲಿಗಳು ಓರೆಯಾಗಿ ಸುತ್ತುವ ಚಿತ್ರದಲ್ಲಿ ಅದೇ ಸಿಗಲ್ಲ. ಅದು ಪುಸ್ತಕದ ರಟ್ಟಿಗೆ ಸರಿ, ಪಾಠಕ್ಕೆ ಬೇಡ.

ಚುಕ್ಕಿ ಇಡುವ ಕ್ರಮವನ್ನು ಮೊದಲೇ ಗಟ್ಟಿ ಮಾಡಿಕೊಳ್ಳಿ. ಎಂಟನ್ನು ಸುತ್ತಲೂ ಸಮನಾಗಿ ಹಂಚುವವರು ಜಾಸ್ತಿ. ನಾನು ಗಡಿಯಾರದ 12, 3, 6, 9ರ ಜಾಗದಲ್ಲಿ ಎರಡೆರಡು ಇಡುತ್ತೇನೆ. ಹೊರ ಕವಚದಲ್ಲಿ ಮೊದಲು ನಾಲ್ಕೂ ಕಡೆ ಒಂದೊಂದು, ಆಮೇಲೆ ಜೋಡಿ. ಕಾರ್ಬನ್‌ಗೆ ನಾಲ್ಕೂ ಒಂಟಿ. ಆಕ್ಸಿಜನ್‌ಗೆ ಎರಡು ಜೋಡಿ, ಎರಡು ಒಂಟಿ. ಈ ಹಗುರ ಧಾತುಗಳ ಮಟ್ಟಿಗೆ ಒಂಟಿ ಚುಕ್ಕಿ ಎಣಿಸಿದರೆ ವೇಲೆನ್ಸಿ, ಅಂದರೆ ಆ ಪರಮಾಣು ಎಷ್ಟು ಬಂಧ ಮಾಡುತ್ತೆ ಅನ್ನೋದು, ಕೈಗೆ ಬಂತು. ಹತ್ತನೇ ತರಗತಿಯಲ್ಲಿ ನೀರು, ಮೀಥೇನ್‌ಗಳ ಚುಕ್ಕಿ ರಚನೆ ಬರೆಯುವಾಗ ಇದೇ ಅಭ್ಯಾಸ ಉಪಯೋಗಕ್ಕೆ ಬರುತ್ತೆ. ಹೀಲಿಯಂ ಮಾತ್ರ ಬೇರೆ, ಅದರ ಎರಡನ್ನೂ ಜೋಡಿಯಾಗಿಯೇ ಇಡಿ. ಕವಚದ ಹೆಸರನ್ನು 12ಕ್ಕೂ 3ಕ್ಕೂ ಸರಿ ಮಧ್ಯದಲ್ಲಿ ಬರೆಯಿರಿ. ಅಲ್ಲಿ ಚುಕ್ಕಿ ಬರುವುದೇ ಇಲ್ಲ. (ನನಗೆ ಇದು ಆರು ಅಡಿ ಫ್ಲೆಕ್ಸ್ ಆದಮೇಲೆ ಹೊಳೆಯಿತು!)

ಮಧ್ಯದ ನ್ಯೂಕ್ಲಿಯಸ್ಸಿಗೆ ಪ್ರೋಟಾನ್, ನ್ಯೂಟ್ರಾನ್ ಅಂತ ಕೆಂಪು, ನೀಲಿ ಗೋಲಿಗಳನ್ನು ಗುಡ್ಡೆ ಹಾಕಬೇಡಿ. ಸಣ್ಣ ವೃತ್ತದೊಳಗೆ 'ಪ್ರೋ 11, ನ್ಯೂ 12' ಅಂತ ಬರೆದರೆ ಸಾಕು.

ಇನ್ನು ಸಾಫ್ಟ್‌ವೇರ್. ಪವರ್‌ಪಾಯಿಂಟ್ ಬಂದರೆ ಅದೇ ಸಾಕು. ಕಂಟ್ರೋಲ್ ಮತ್ತು ಶಿಫ್ಟ್ ಒತ್ತಿ ಹಿಡಿದು ಎಳೆದರೆ ವೃತ್ತ ನಡುವಿನಿಂದ ಸಮನಾಗಿ ಬೆಳೆಯುತ್ತೆ. ಮೇಲೆ ಒಂದು ಜೋಡಿ, ಸರಿಯಾಗಿ ಅದರ ಎದುರಿಗೆ ಕೆಳಗೆ ಒಂದು ಜೋಡಿ ಇಟ್ಟು, ನಾಲ್ಕನ್ನೂ ಗ್ರೂಪ್ ಮಾಡಿ. ಅದರ ಕಾಪಿ ತೆಗೆದು ಮೊದಲನೆಯದರ ಮೇಲೇ ಕೂರಿಸಿ 90 ಡಿಗ್ರಿ ತಿರುಗಿಸಿ. ಎಂಟೂ ಬಂದವು. ಬೇಡದ್ದನ್ನು ಅಳಿಸಿ. ದೊಡ್ಡ ಚಾರ್ಟ್ ಮಾಡುವುದಾದರೆ ಇಂಕ್‌ಸ್ಕೇಪ್ ಒಳ್ಳೆಯದು. ದುಡ್ಡು ಕೊಡಬೇಕಿಲ್ಲ, ಎಷ್ಟು ದೊಡ್ಡದು ಮಾಡಿದರೂ ಗೆರೆ ಮಸುಕಾಗಲ್ಲ. ಫ್ಲೆಕ್ಸ್ ಅಂಗಡಿಗೆ ಪಿಡಿಎಫ್ ಮಾಡಿಯೇ ಕೊಡಿ. ಇಲ್ಲದಿದ್ದರೆ ನಿಮ್ಮ ಕನ್ನಡ ಫಾಂಟ್ ಅವರ ಕಂಪ್ಯೂಟರಿನಲ್ಲಿ ಇರದೆ 'ಸೋಡಿಯಂ' ಇನ್ನೇನೋ ಆಗಿ ಬರುತ್ತೆ. ಪ್ರಶ್ನೆಪತ್ರಿಕೆಗೆ ಹಾಕುವ ಚಿತ್ರಕ್ಕೆ ಬಣ್ಣ ನೆಚ್ಚಬೇಡಿ. ಜೆರಾಕ್ಸ್ ಆದಮೇಲೆ ಕೆಂಪೂ ಕಪ್ಪೇ, ನೀಲಿಯೂ ಕಪ್ಪೇ. ಸೋಡಿಯಂದು ಚುಕ್ಕಿ, ಕ್ಲೋರಿನ್‌ದು ಗುಣಿಸು ಗುರುತು ಅಂತ ಮಾಡಿದರೆ ಯಾರ ಎಲೆಕ್ಟ್ರಾನ್ ಯಾರಿಗೆ ಹೋಯಿತು ಅಂತ ತಿಳಿಯುತ್ತೆ.

ಮಕ್ಕಳು ಮಾತ್ರ ಕೈಯಲ್ಲೇ ಬರೆಯಲಿ. ಕೈವಾರ ಹಾಳೆ ತೂತು ಮಾಡುತ್ತೆ. ಒಂದು ರೂಪಾಯಿ ನಾಣ್ಯ, ಮಗುವಿನ ಬಳೆ, ಅಮ್ಮನ ಬಳೆ: ಮೂರು ಸುತ್ತು ಆಯ್ತಲ್ಲ. ಎಲೆಕ್ಟ್ರಾನ್ ಒಂದರಿಂದ ಇನ್ನೊಂದಕ್ಕೆ ಹೋಗುವುದನ್ನು ತೋರಿಸಲು ಸ್ಟಿಕ್ಕರ್ ಬೊಟ್ಟಿನಂಥ ವಸ್ತು ಬೇರೆ ಇಲ್ಲ. ಸೋಡಿಯಂನ ಹೊರಗಿನ ಒಂದು ಬೊಟ್ಟು ಕಿತ್ತು ಕ್ಲೋರಿನ್‌ಗೆ ಅಂಟಿಸಿದರೆ, ಏಳು ಎಂಟಾಗಿದ್ದನ್ನು ಅವರೇ ಹೇಳುತ್ತಾರೆ.

ಸುತ್ತುಗಳನ್ನು ಸಮ ಅಂತರದಲ್ಲೇ ಬರೆಯಿರಿ, ಆದರೆ ಅದು ನಮ್ಮ ಅನುಕೂಲಕ್ಕೆ ಅಂತ ಒಂದು ಸಲ ಹೇಳಿಬಿಡಿ. ಭೌತವಿಜ್ಞಾನಿ ಬೋರ್ 1913ರಲ್ಲಿ ಕೊಟ್ಟ ಲೆಕ್ಕದಂತೆ ಹೈಡ್ರೋಜನ್ ಕಕ್ಷೆಗಳ ತ್ರಿಜ್ಯ 1, 4, 9, 16 ಹೀಗೆ ಬೆಳೆಯುತ್ತದೆ. ಮೊದಲನೆಯದು 1 ಸೆಂಟಿಮೀಟರ್ ಆದರೆ ನಾಲ್ಕನೆಯದು 16. ನೋಟ್‌ಬುಕ್ಕಿನಲ್ಲಿ ಎಲ್ಲಿ ಹಿಡಿಸುತ್ತೆ? ನ್ಯೂಕ್ಲಿಯಸ್ ಅಂತೂ ಇನ್ನೂ ದೊಡ್ಡ ಸುಳ್ಳು. ಅದು ರಾಗಿ ಕಾಳಿನಷ್ಟಿದ್ದರೆ ಸೋಡಿಯಂ ಪರಮಾಣು ನಮ್ಮ ಶಾಲೆಯ ಆಟದ ಮೈದಾನದಷ್ಟು ಇರಬೇಕು. ಎಲೆಕ್ಟ್ರಾನ್ ಹೀಗೆ ಗೆರೆ ಹಿಡಿದು ಸುತ್ತಲ್ಲ ಅನ್ನೋದನ್ನು ಪಿಯುಸಿಯಲ್ಲಿ ಹೇಗೂ ಕಲಿಯುತ್ತಾರೆ.

ಎ, ಬಿ ಬಿಟ್ಟು ಕೆ ಯಾಕೆ ಸಾರ್ ಅಂತ ಒಬ್ಬರಾದರೂ ಕೇಳೇ ಕೇಳುತ್ತಾರೆ. ಎಕ್ಸ್‌-ಕಿರಣಗಳನ್ನು ಅಭ್ಯಾಸ ಮಾಡುತ್ತಿದ್ದ ಬಾರ್ಕ್ಲಾ ಎಂಬ ಬ್ರಿಟಿಷ್ ವಿಜ್ಞಾನಿ ತನಗೆ ಕಂಡ ಎರಡು ಬಗೆಯನ್ನು ಮೊದಲು ಎ, ಬಿ ಅಂದಿದ್ದ. ಆಚೆ ಈಚೆ ಇನ್ನೂ ಸಿಗಬಹುದು ಅಂತ ಜಾಗ ಬಿಟ್ಟು ಕೆ, ಎಲ್ ಅಂತ ಬದಲಾಯಿಸಿದ. ಕೆ ಹಿಂದೆ ಏನೂ ಸಿಗಲಿಲ್ಲ, ಹೆಸರು ಮಾತ್ರ ಉಳಿದು ಕವಚಗಳಿಗೂ ಬಂತು.

ಪೊಟ್ಯಾಸಿಯಂ ಹತ್ತಿರ ಎಚ್ಚರ. ಎಂ ಕವಚದಲ್ಲಿ 18 ಹಿಡಿಸುತ್ತೆ ಅಂತ ಕಲಿಸಿರುತ್ತೇವೆ, ಮಕ್ಕಳು 2, 8, 9 ಅಂತ ಬರೆದುಬಿಡುತ್ತಾರೆ. ತಪ್ಪು ಅವರದಲ್ಲ. ಹೊರಗಿನ ಕವಚದಲ್ಲಿ ಎಂಟಕ್ಕಿಂತ ಹೆಚ್ಚು ಕೂರಲ್ಲ ಅನ್ನೋದನ್ನು ಚಿತ್ರದ ಪಕ್ಕದಲ್ಲೇ ಬರೆದಿಡಿ. ಪೊಟ್ಯಾಸಿಯಂ 2, 8, 8, 1. ಕ್ಯಾಲ್ಸಿಯಂ 2, 8, 8, 2. ಅಲ್ಲಿಗೆ ನಿಲ್ಲಿಸಿ. 21ನೆಯದಾದ ಸ್ಕ್ಯಾಂಡಿಯಂನಲ್ಲಿ ಎಂ ಮತ್ತೆ ತುಂಬತೊಡಗಿ 2, 8, 9, 2 ಆಗುತ್ತೆ. ಒಂಬತ್ತನೇ ತರಗತಿಗೆ ಆ ತಲೆನೋವು ಯಾಕೆ?

ನಮ್ಮ ಕೋಲಾರದ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇರುವುದು ಮಕ್ಕಳಿಗೆ ಗೊತ್ತು, ಹಲ್ಲಿನ ಮೇಲೆ ಕಂದು ಕಲೆ ನೋಡಿದ್ದಾರೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. "ಫ್ಲೋರಿನ್ ವಿಷದ ಗಾಳಿ ಅಂತೀರಿ, ನೀರಲ್ಲಿ ಹೇಗೆ ಇರುತ್ತೆ?" ಅಂತ ಕೇಳಿದಾಗ ಪಕ್ಕಪಕ್ಕದಲ್ಲಿ ಎರಡು ಚಿತ್ರ ಬರೆದೆ. ಒಂದು ಫ್ಲೋರಿನ್, 2, 7. ಇನ್ನೊಂದು ಒಂದು ಎಲೆಕ್ಟ್ರಾನ್ ಹೆಚ್ಚಿಗೆ ಪಡೆದ ಫ್ಲೋರೈಡ್, 2, 8, ಸುತ್ತ ಚೌಕ ಆವರಣ, ಮೇಲೆ ಮೈನಸ್. ನಡುವೆ ಎರಡರಲ್ಲೂ ಒಂಬತ್ತೇ ಪ್ರೋಟಾನ್. ಇಷ್ಟು ಪಾಠಕ್ಕೆ ಬೇರೆ ಚಾರ್ಟ್ ಬೇಕಾಗಲಿಲ್ಲ.

ಕೆಜಿಎಫ್ ಪಕ್ಕದಲ್ಲೇ ಇರುವುದರಿಂದ ಚಿನ್ನ ಬರೆಯಿರಿ ಅಂತ ಪ್ರತಿ ವರ್ಷ ಹಟ. ಪರಮಾಣು ಸಂಖ್ಯೆ 79, ಆರು ಕವಚ: 2, 8, 18, 32, 18, 1. ನಾನು ಆರು ಸುತ್ತು ಎಳೆದು ಬರೀ ಅಂಕಿ ಬರೆಯುತ್ತೇನೆ. ಚುಕ್ಕಿ ಇಟ್ಟರೆ ಎಣಿಸೋಕೆ ಆಗಲ್ಲ. ಹೋದ ವರ್ಷ ಒಬ್ಬ ಹುಡುಗ ಒಪ್ಪಲಿಲ್ಲ. ಅವನ ತಾತ ಗಣಿಯಲ್ಲಿ ಕೆಲಸ ಮಾಡಿದ್ದವರಂತೆ. ಚಾರ್ಟ್ ಶೀಟಿನ ಮೇಲೆ 79 ಬೊಟ್ಟೂ ಅಂಟಿಸಿಕೊಂಡು ಬಂದ. 32ರ ಸುತ್ತು ಎಣಿಸುವಾಗ ನನಗೇ ಎರಡು ಸಲ ತಪ್ಪಿತು. ಅವನದು ಸರಿಯಾಗಿತ್ತು.