ಬೇವಿನ ಎಣ್ಣೆ ಹೊಡೆದರೂ ಹಿಟ್ಟು ತಿಗಣೆ ಹೋಗ್ತಿಲ್ಲವೇ?

ಪ್ರಶ್ನೆ: ದಾಸವಾಳದ ಚಿಗುರಿಗೆಲ್ಲ ಬಿಳಿ ಹತ್ತಿಯಂಥ ಹುಳು ಮೆತ್ತಿಕೊಂಡಿದೆ. ಬೇವಿನ ಎಣ್ಣೆ ಸಿಂಪಡಿಸಿದೆ. ಕಡಿಮೆಯಾಗಿ ಮತ್ತೆ ಬಂತು. ಇನ್ನೂ ಸ್ಟ್ರಾಂಗ್ ಔಷಧಿ ಇದೆಯಾ?

ಉತ್ತರ: ಈ ಪ್ರಶ್ನೆ ಬರದ ತಿಂಗಳಿಲ್ಲ. ಎಲ್ಲರಿಗೂ ಬೇಕಿರುವುದು ಸ್ಟ್ರಾಂಗ್ ಔಷಧಿಯೇ!

ಹಿಟ್ಟು ತಿಗಣೆಯ ಮೈಮೇಲೆ ಮೇಣದ ಪುಡಿ ಇರುತ್ತದೆ. ಔಷಧಿ ಅಂಟದೆ ಜಾರಿಹೋಗುತ್ತದೆ. ಮೊಟ್ಟೆಗಳಂತೂ ಆ ಹತ್ತಿಯೊಳಗೆ ಬೆಚ್ಚಗಿರುತ್ತವೆ. ಮೇಣ ಇಲ್ಲದಿರುವುದು ಆಗಷ್ಟೇ ಹೊರಬಂದ ಮರಿಗಳಿಗೆ ಮಾತ್ರ. ಒಂದೇ ಸಲ ಹೊಡೆದು ಸುಮ್ನೆ ಕೂತರೆ ಉಳಿದ ಮೊಟ್ಟೆ ಒಡೆದು ಮತ್ತೆ ಶುರು, ಅಷ್ಟೆ.

ಜಾಸ್ತಿ ಹತ್ತಿದ ಚಿಗುರನ್ನು ಕತ್ತರಿಸಿ, ಕವರಿನಲ್ಲಿ ಕಟ್ಟಿ ಎಸೆಯಿರಿ. ಗಿಡದ ಬುಡಕ್ಕೇ ಹಾಕಬೇಡಿ. ಉಳಿದದ್ದನ್ನು ಹಳೆಯ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಆಮೇಲೆ ಒಂದು ಲೀಟರ್ ನೀರಿಗೆ 5 ಎಂಎಲ್ ಬೇವಿನ ಎಣ್ಣೆ. ಅದಕ್ಕೆ ಸ್ವಲ್ಪ ದ್ರವ ಸೋಪು ಸೇರಲೇಬೇಕು, ಇಲ್ಲದಿದ್ದರೆ ಎಣ್ಣೆ ಮೇಲೆ ತೇಲುತ್ತದೆ. ಬಟ್ಟೆ ಒಗೆಯುವ ಪುಡಿ ದಯವಿಟ್ಟು ಬೇಡ, ಎಲೆ ಸುಡುತ್ತದೆ. ಸಂಜೆ ಹೊತ್ತು, ಎಲೆಯ ಅಡಿಗೆ, ಗಿಣ್ಣುಗಳ ಸಂದಿಗೆ ತಾಗುವಂತೆ ಹೊಡೆಯಿರಿ. ವಾರಕ್ಕೊಮ್ಮೆ, ಕನಿಷ್ಠ 3 ಸಲ. ಮಳೆ ಬರುವಂತಿದ್ದರೆ ಮರುದಿನಕ್ಕೆ ಇಟ್ಟುಕೊಳ್ಳಿ.

ಇರುವೆ ಸಾಲು ಕಂಡಿತೇ? ತಿಗಣೆ ಬಿಡುವ ಸಿಹಿ ಅಂಟಿಗಾಗಿ ಇರುವೆಗಳು ಅದನ್ನು ಕಾಯುತ್ತವೆ, ತಿನ್ನಲು ಬಂದ ಹುಳುಗಳನ್ನು ಓಡಿಸುತ್ತವೆ. ಇರುವೆ ತಡೆಯದೆ ಎಷ್ಟು ಹೊಡೆದರೂ ದಂಡ. ಹಾಗೇ ಬಿಳಿ ಉಣ್ಣೆ ಹೊದ್ದು ಚುರುಕಾಗಿ ಓಡಾಡುವ ದೊಡ್ಡ ಮರಿ ಕಂಡರೆ ಕೊಲ್ಲಬೇಡಿ. ಅದು ತಿಗಣೆ ತಿನ್ನುವ ಗುಲಗಂಜಿ ಹುಳುವಿನ (ಲೇಡಿಬಗ್) ಮರಿ ಇರಬಹುದು. ಪಾಪ, ಸ್ಟ್ರಾಂಗ್ ಔಷಧಿ ಹೊಡೆದರೆ ಮೊದಲು ಸಾಯುವುದು ಅದೇ.

ಗೊಬ್ಬರವನ್ನೂ ಸ್ವಲ್ಪ ದಿನ ನಿಲ್ಲಿಸಿ. ಯೂರಿಯಾ ಜಾಸ್ತಿಯಾದಷ್ಟೂ ಚಿಗುರು ಮೆತ್ತಗಾಗುತ್ತದೆ, ರಸ ಹೀರುವ ಹುಳಕ್ಕೆ ಹಬ್ಬ.

ಪ್ರಶ್ನೆ: ತಂಬಾಕು ಕಷಾಯ ಎಲ್ಲ ಹುಳಕ್ಕೂ ರಾಮಬಾಣವಂತೆ, ವಿಡಿಯೋದಲ್ಲಿ ನೋಡಿದೆ.

ಉತ್ತರ: ನಿಕೋಟಿನ್ ಚರ್ಮದ ಮೂಲಕವೂ ಮೈಗೆ ಸೇರುವ ವಿಷ. ಮನೆಯಲ್ಲಿ ಕುದಿಸಿದ ಮಾತ್ರಕ್ಕೆ ಅದು ಸಾಧುವಾಗುವುದಿಲ್ಲ. ಮಕ್ಕಳು ಓಡಾಡುವ ಕಡೆ ನಾನಂತೂ ಮುಟ್ಟುವುದಿಲ್ಲ.

ಪ್ರಶ್ನೆ: ಮಳೆಗಾಲದಲ್ಲಿ ಬಸವನಹುಳು ಕಾಟ. ಉಪ್ಪು ಹಾಕಲೇ?

ಉತ್ತರ: ಮಣ್ಣು ಕೆಡಿಸಿಕೊಳ್ಳಬೇಕಿದ್ದರೆ ಹಾಕಿ. ರಾತ್ರಿ ಟಾರ್ಚ್ ಹಿಡಿದು, ಗ್ಲೌಸ್ ಹಾಕಿ ಆರಿಸಿ ತೆಗೆಯಿರಿ.

ಪ್ರಶ್ನೆ: ಎಲೆ ಮುದುರುತ್ತಿದೆ. ಯಾವ ಔಷಧಿ?

ಉತ್ತರ: ಯಾವ ಗಿಡ ಅಂತಲೇ ಬರೆದಿಲ್ಲ. ಥ್ರಿಪ್ಸ್ (ರಸ ಹೀರುವ ಪುಟ್ಟ ಹುಳು), ನುಸಿ, ವೈರಸ್, ನೀರಿನ ಕೊರತೆ, ಯಾವುದೂ ಆಗಿರಬಹುದು. ಎಲೆಯ ಅಡಿಭಾಗದ ಫೋಟೊ ಕಳಿಸಿ, ಅಲ್ಲಿಯವರೆಗೆ ಏನನ್ನೂ ಹೊಡೆಯಬೇಡಿ.